ತಡವಾಗಿ ಏಳುತ್ತಿದ್ದ ಸೈಕ್ಲೋಸ್ಟೈಲ್ ಮಿಶನ್

ನನಗೆ ಮೂಗಿನ ತುದಿಯಲ್ಲಿ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಬೆಳಿಗ್ಗೆ ಒಂಬತ್ತು ಗಂಟೆಗೆ, ಎದುರಿಗೆ ಮೂವರು ಗಿರಾಕಿಗಳು ಬಾಯಿ ಬಿಟ್ಟುಕೊಂಡು ನಿಂತಿರುವಾಗ, ಒಂದು ಯಂತ್ರದ ಹಿಡಿಯನ್ನು ಐವತ್ತು ಸಲ ತಿರುಗಿಸಿ ಐವತ್ತು ಬಿಳಿ ಹಾಳೆಗಳನ್ನು ಪಡೆದವರು ಯಾರಾದರೂ ಇದ್ದರೆ ಅವರು ಮಾತ್ರ ನನ್ನ ಕೋಪದ ಬಗ್ಗೆ ಮಾತಾಡಲಿ. ಉಳಿದವರು ಸುಮ್ಮನಿರುವುದು ಒಳ್ಳೆಯದು.

ಐವತ್ತರ ದಶಕದ ಕೊನೆಯ ಮಾತು. ಹಂಪನಕಟ್ಟೆಯಲ್ಲಿ ಒಂದು ಕಾಗದದ ಅಂಗಡಿ ಇತ್ತು. ಕೆಳಗೆ ಕಾಗದ, ಮಸಿ, ಲೇಖನಿ, ರಟ್ಟು. ಮರದ ಏಣಿಯಂಥ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಅಂಗಡಿಯ ಯಜಮಾನರು ಬ್ಯಾರಿ ಸಾಹುಕಾರರು. ಐವತ್ತು ದಾಟಿದ ಮನುಷ್ಯ, ಬಿಳಿ ಪಂಚೆ, ಬಿಳಿ ಟೊಪ್ಪಿ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲು. ಆ ವರ್ಷ ಅವರಿಗೆ ಮೇಲಿನ ಕೋಣೆಯಲ್ಲಿ ಟೈಪು ಮಾಡಿ ಪ್ರತಿ ತೆಗೆದುಕೊಡುವ ಕೆಲಸ ಶುರು ಮಾಡಬೇಕೆಂದು ಹುಕಿ ಬಂತು. ಘಟ್ಟದ ಮೇಲಿನ ಯಾವುದೋ ತೋಟದ ಕಚೇರಿಯವರು ಮಾರಿದ ಹಳೆಯ ಸೈಕ್ಲೋಸ್ಟೈಲ್ ಮಿಶನ್ ಒಂದನ್ನು ಲಾರಿಯಲ್ಲಿ ತರಿಸಿದರು. ಅದರ ಜತೆ ಬಳಸುವ ಕ್ರಮ ಹೇಳುವ ಪುಸ್ತಕ ಬರಲಿಲ್ಲ. ಮಿಶನ್ ತಿರುಗಿಸುವವರೂ ಬರಲಿಲ್ಲ. ಅದಕ್ಕೆ ನಾನು ಬಂದೆ.

ನನಗಾಗ ಹತ್ತೊಂಬತ್ತು. ಮಣ್ಣಗುಡ್ಡದಲ್ಲಿ ಮನೆ. ಅಪ್ಪ ದೇವಸ್ಥಾನದಲ್ಲಿ ಪೂಜೆ ಮಾಡುವವರು. ನಾನು ಟೈಪಿಂಗ್ ಕಲಿತು ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಹಪ್ಪಳ ಒತ್ತುತ್ತಿದ್ದೆ. ಸಾಹುಕಾರರು ಅಪ್ಪನಿಗೆ ಪರಿಚಯ. ದೇವಸ್ಥಾನದ ಕಾಗದವೆಲ್ಲ ಅವರ ಅಂಗಡಿಯದ್ದೇ. "ನಿಮ್ಮ ಮಗಳನ್ನು ಕಳಿಸಿ ಸ್ವಾಮಿ, ನನ್ನ ಮಗಳ ಹಾಗೆ ನೋಡಿಕೊಳ್ತೇನೆ" ಎಂದರು. ಅಪ್ಪ ಮೂರು ದಿನ ಯೋಚಿಸಿದರು. ಕೊನೆಗೆ ಅಮ್ಮ, "ಹೋಗಲಿ, ಇಲ್ಲಿದ್ದು ನನ್ನ ಜತೆ ಜಗಳ ಆಡುವುದು ತಪ್ಪುತ್ತದೆ" ಎಂದಳು. ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅಮ್ಮನ ನಾಲಿಗೆಯ ಖಾರ ಅರ್ಧ ಇಳಿದುಹೋಗುತ್ತದೆ.

ಕೆಲಸಕ್ಕೆ ಸೇರಿದ ದಿನ ಸಾಹುಕಾರರು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. "ನೋಡು ಮಗಳೇ, ಈ ಮಿಶನ್ ತಂದದ್ದು ನನ್ನ ಅಣ್ಣನಿಗೆ ಇಷ್ಟ ಇಲ್ಲ. ಕಟ್ಟಡ ಅವರದ್ದು, ಮಾತೂ ಅವರದ್ದೇ. ಮೂರು ತಿಂಗಳು ನೋಡುವ ಅಂತ ಹೇಳಿದ್ದಾರೆ. ಮಿಶನ್ ಸರಿ ಓಡಿದರೆ ನೀನೂ ಉಂಟು, ಅದೂ ಉಂಟು. ಓಡದಿದ್ದರೆ ಅದು ಗುಜರಿಗೆ, ನೀನು ಮನೆಗೆ."

ನನಗೆ ಆ ಕೆಲಸ ಬೇಕಿತ್ತು. ಕಾರಣ ದೊಡ್ಡದೇನಲ್ಲ. ಆ ಕೋಣೆಯಲ್ಲಿ ನನಗೊಂದು ಕುರ್ಚಿ ಇತ್ತು. ನಮ್ಮ ಮನೆಯಲ್ಲಿ ಇದ್ದ ಒಂದೇ ಕುರ್ಚಿ ಬಂದವರಿಗೆ. ಹೆಂಗಸರು ನೆಲದ ಮೇಲೆ, ಇಲ್ಲವೆ ಹೊಸ್ತಿಲ ಆಚೆ. ಇಲ್ಲಿ ಬೆತ್ತದ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತರೆ ಕಿಟಕಿಯಿಂದ ಬಸ್ಸುಗಳ ತಲೆ ಕಾಣುತ್ತಿತ್ತು, ಮತ್ತು ಬಂದ ಗಂಡಸರು ನಿಂತುಕೊಂಡು ನನ್ನೊಡನೆ ಮಾತಾಡುತ್ತಿದ್ದರು. ಆ ಸುಖ ಅನುಭವಿಸಿದವರಿಗೇ ಗೊತ್ತು.

ಮಿಶನ್ನಿನ ಬಗ್ಗೆ ಎರಡು ಮಾತು ಹೇಳಬೇಕು. ಈಗಿನವರು ಅದನ್ನು ಕಂಡಿರಲಿಕ್ಕಿಲ್ಲ. ಮೇಣ ಹಚ್ಚಿದ ತೆಳು ಕಾಗದದ ಮೇಲೆ ಟೈಪು ಮಾಡಿದರೆ ಅಕ್ಷರಗಳಿದ್ದಲ್ಲಿ ಮೇಣ ಸರಿದು ಜಾಗ ಆಗುತ್ತದೆ. ಅದಕ್ಕೆ ಸ್ಟೆನ್ಸಿಲ್ ಎನ್ನುತ್ತಿದ್ದೆವು. ಮಿಶನ್ನಿಗೆ ಡಬ್ಬದಂಥ ಒಂದು ಉರುಳೆ, ಅದರ ಮೈಮೇಲೆ ರೇಷ್ಮೆ ಬಟ್ಟೆ. ಉರುಳೆಯ ಒಳಗೆ ಮಸಿ. ಸ್ಟೆನ್ಸಿಲನ್ನು ಉರುಳೆಗೆ ಸುತ್ತಿ, ಪಕ್ಕದ ಹಿಡಿ ತಿರುಗಿಸಿದರೆ ಒಂದೊಂದು ಸುತ್ತಿಗೆ ಒಂದೊಂದು ಹಾಳೆ ಒಳಗೆ ಹೋಗಿ, ಒಳಗಿನ ಮಸಿ ಬಟ್ಟೆಯಿಂದ ಜಿನುಗಿ ಅಕ್ಷರವಾಗಿ ಹಾಳೆಗೆ ಇಳಿಯಬೇಕು.

ಇಳಿಯಬೇಕು ಎಂದು ನಾನು ಹೇಳುತ್ತಿದ್ದೇನೆ. ಮಿಶನ್ ಹಾಗೆ ಹೇಳುತ್ತಿರಲಿಲ್ಲ. ಬೆಳಿಗ್ಗೆ ಮೊದಲ ಇಪ್ಪತ್ತು ಸುತ್ತಿಗೆ ಹಾಳೆಗಳು ಹೋದ ಹಾಗೆಯೇ ಬಿಳಿಯಾಗಿ ವಾಪಸು ಬರುತ್ತಿದ್ದವು. ಮೂವತ್ತಕ್ಕೆ ಅಲ್ಲೊಂದು ಇಲ್ಲೊಂದು ಚುಕ್ಕೆ. ನಲವತ್ತಕ್ಕೆ ನೀರಿನಲ್ಲಿ ಬರೆದಂಥ ಸಾಲುಗಳು. ಐವತ್ತು ದಾಟಿದ ಮೇಲೆ ಅದಕ್ಕೆ ಮನಸ್ಸು ಬಂದು ಅಕ್ಷರ ಮೂಡುತ್ತಿತ್ತು. ಆಮೇಲೆ ಸಂಜೆಯ ತನಕ ಚಿನ್ನದಂಥ ಕೆಲಸ. ಮರುದಿನ ಬೆಳಿಗ್ಗೆ ಮತ್ತೆ ಮೊದಲಿನಿಂದ.

ಸಾಹುಕಾರರು ಅದಕ್ಕೆ 'ಪುದಿಯಾಪ್ಲೆ' ಎಂದು ಹೆಸರಿಟ್ಟರು. ಅವರ ಮಾತಿನಲ್ಲಿ ಹೊಸ ಅಳಿಯ. ಅವರಲ್ಲಿ ಮದುವೆಯಾದ ಹೊಸತರಲ್ಲಿ ಗಂಡು ಹೆಂಡತಿಯ ಮನೆಯಲ್ಲೇ ಉಳಿಯುವ ಕ್ರಮವಿತ್ತಂತೆ. ಅಳಿಯ ಎದ್ದ ಮೇಲೆಯೇ ಆ ಮನೆಗೆ ಬೆಳಗಾಗುವುದು. ಅವನನ್ನು ಎಬ್ಬಿಸುವ ಧೈರ್ಯ ಅತ್ತೆಗೂ ಇಲ್ಲ. "ಪುದಿಯಾಪ್ಲೆ ಎದ್ದನಾ ಮಗಳೇ?" ಎಂದು ಅವರು ಮೆಟ್ಟಿಲ ಕೆಳಗಿನಿಂದ ಕೂಗುವರು. "ಮಗ್ಗುಲು ಬದಲಾಯಿಸಿದ್ದಾನೆ ಸಾಹುಕಾರ್ರೇ" ಎಂದು ನಾನು ಮೇಲಿನಿಂದ ಕೂಗುವೆ. ಗಿರಾಕಿಗಳಿಗೆ ನಗು. ಆದರೆ ಹಾಳಾದ ಹಾಳೆಗಳ ಕಟ್ಟು ಕೆಳಗೆ ಇಳಿಯುವಾಗ ಸಾಹುಕಾರರ ಮುಖದಲ್ಲಿ ನಗು ಇರುತ್ತಿರಲಿಲ್ಲ. ಕಾಗದ ಮಾರುವವನ ಕಣ್ಣೆದುರು ಕಾಗದ ಹಾಳಾಗುವುದೆಂದರೆ ಅಡುಗೆಯವನ ಎದುರು ಅನ್ನ ಚೆಲ್ಲಿದ ಹಾಗೆ. ಆ ಹಾಳೆಗಳೆಲ್ಲ ಬಸ್ ಸ್ಟ್ಯಾಂಡಿನ ನೆಲಗಡಲೆಯವನಿಗೆ ಹೋಗುತ್ತಿದ್ದವು. ಊರಿನ ಎಷ್ಟೋ ಸಂಘಗಳ ಸಭೆಯ ತಿಳುವಳಿಕೆ ಪತ್ರಗಳು ಸದಸ್ಯರಿಗಿಂತ ಮೊದಲು ಕಡಲೆ ತಿನ್ನುವವರ ಕೈ ಸೇರಿದವು.

ಇದನ್ನು ಸರಿ ಮಾಡಲು ನಾವು ಮಾಡದ ಉಪಾಯವಿಲ್ಲ.

ಮೊದಲು ಮೆಕ್ಯಾನಿಕ್ ಬಂದರು. ಹೊಲಿಗೆ ಮಿಶನ್, ಟೈಪ್‌ರೈಟರ್, ಗೋಡೆ ಗಡಿಯಾರ ಎಲ್ಲವನ್ನೂ ರಿಪೇರಿ ಮಾಡುವ ಕೊಂಕಣಿ ಕ್ರಿಸ್ತಾನ ಮನುಷ್ಯ. ಯಾವ ಯಂತ್ರ ಕಂಡರೂ ಮೊದಲು ಎಣ್ಣೆ ಬಿಡುವುದು ಅವರ ಸ್ವಭಾವ. ಹಲ್ಲುಚಕ್ರಕ್ಕೆ ಎಣ್ಣೆ ಬಿಟ್ಟರು, ಹಿಡಿಯ ಸ್ಕ್ರೂ ಬಿಗಿ ಮಾಡಿದರು, ಮತ್ತೆ ಸಡಿಲ ಮಾಡಿದರು. "ಘಟ್ಟದ ಮೇಲಿನ ಮಿಶನ್ ಅಲ್ವಾ ಮಾರಾಯ್ರೆ, ಚಳಿ ಊರಿಂದ ಬಂದದ್ದು. ಇಲ್ಲಿನ ಸೆಕೆಗೆ ಬಾಡ್ತದೆ" ಎಂದು ತೀರ್ಪು ಕೊಟ್ಟು ಚಹಾ ಕುಡಿದು ಹೋದರು. ಮರುದಿನ ಮಿಶನ್ ಐವತ್ತೆರಡನೇ ಸುತ್ತಿಗೆ ಎದ್ದಿತು. ಆದರೆ ತಿರುಗುವಾಗ ಶಬ್ದ ಮಾತ್ರ ಬರಲಿಲ್ಲ. ಎಣ್ಣೆಯ ಪುಣ್ಯ.

ಆಮೇಲೆ ಸಾಹುಕಾರರಿಗೆ ಮಳೆಗಾಲದ ಮೇಲೆ ಅನುಮಾನ ಬಂತು. ಕಾಗದಕ್ಕೆ ಶೀತ ಹಿಡಿದಿದೆ, ಶೀತದ ಕಾಗದ ಮಸಿ ಹೀರುವುದಿಲ್ಲ ಎಂದು ಅವರ ವಾದ. ತೆಂಗಿನ ಗೆರಟೆಯ ಕೆಂಡ ಹಾಕಿದ ಇಸ್ತ್ರಿಪೆಟ್ಟಿಗೆ ತರಿಸಿ, ಒಂದು ಇಡೀ ಬೆಳಿಗ್ಗೆ ಹಾಳೆಗಳಿಗೆ ಇಸ್ತ್ರಿ ಹಾಕಿದೆವು. ಹಾಳೆಗಳು ಮದುವೆಗೆ ಹೊರಟ ಹಾಗೆ ಗರಿಗರಿಯಾದವು. ಮಿಶನ್ ಅವನ್ನು ಒಂದೊಂದಾಗಿ ನುಂಗಿ, ಅಷ್ಟೇ ಗರಿಗರಿಯಾಗಿ, ಅಷ್ಟೇ ಬಿಳಿಯಾಗಿ ಆಚೆ ಹಾಕಿತು. ಮಸಿಯ ಟ್ಯೂಬನ್ನು ಬಿಸಿನೀರಿನಲ್ಲಿ ಅದ್ದಿ ನೋಡಿದೆವು. ಮಿಶನ್ನನ್ನು ಕಿಟಕಿಯ ಹತ್ತಿರದಿಂದ ಗೋಡೆಯ ಹತ್ತಿರಕ್ಕೆ, ಗೋಡೆಯ ಹತ್ತಿರದಿಂದ ಮೆಟ್ಟಿಲ ಹತ್ತಿರಕ್ಕೆ ಎಳೆದೆವು. ನನ್ನ ಅಪ್ಪ ಒಂದು ಚಿಟಿಕೆ ಕುಂಕುಮ ಕಟ್ಟಿ ಕೊಟ್ಟರು. ಸಾಹುಕಾರರು, "ಹಾಕು ಮಗಳೇ, ನಮಗೆಂತ, ಎದ್ದರೆ ಸಾಕು" ಎಂದು ತಾವೂ ದರ್ಗಾದಿಂದ ಒಂದು ಹಸಿರು ನೂಲು ತಂದು ಹಿಡಿಗೆ ಕಟ್ಟಿದರು. ಮಿಶನ್ ಇಬ್ಬರಿಗೂ ಭೇದವಿಲ್ಲದೆ ಅಗೌರವ ತೋರಿಸಿತು.

ಅತ್ತಾವರದ ಕಡೆಯಿಂದ ಪಾಠದ ಟಿಪ್ಪಣಿಗಳ ಪ್ರತಿ ತೆಗೆಸಲು ವೈದ್ಯಕೀಯ ಕಲಿಯುವ ಒಬ್ಬ ವಿದ್ಯಾರ್ಥಿ ಬರುತ್ತಿದ್ದ. ಒಂದು ದಿನ ಕಾದು ಕಾದು ಬೇಸತ್ತು ಕೊರಳಿನ ಸ್ಟೆತಾಸ್ಕೋಪ್ ತೆಗೆದು ಉರುಳೆಯ ಮೇಲೆ ಇಟ್ಟು ಗಂಭೀರವಾಗಿ ಕೇಳಿದ. "ಪಲ್ಸ್ ಉಂಟು" ಎಂದ. "ರಕ್ತ ಚರ್ಮದ ತನಕ ಬರುವುದಿಲ್ಲ, ಅಷ್ಟೇ."

"ಅದಕ್ಕೆ ಮದ್ದು?" ಎಂದೆ.

"ಮದ್ದು ಫೈನಲ್ ಇಯರಿಗೆ ಕಲಿಸ್ತಾರೆ. ನಾನೀಗ ಸೆಕೆಂಡ್ ಇಯರ್."

ನನಗೆ ಅವನ ತಲೆಯ ಮೇಲೆ ಮಸಿ ಸುರಿಯುವಷ್ಟು ಸಿಟ್ಟು ಬಂತು. ಈಗ ಯೋಚಿಸಿದರೆ, ಬಂದವರಲ್ಲಿ ರೋಗ ಸರಿಯಾಗಿ ಹೇಳಿದವನು ಅವನೊಬ್ಬನೇ.

ಇಷ್ಟೆಲ್ಲ ನಡೆಯುವಾಗ ಯಾರೂ ಅನುಮಾನ ಪಡದ ಒಂದು ಸಂಗತಿ ಇತ್ತು. ಅದು ನನ್ನ ಶುಚಿತ್ವ. ಅಮ್ಮನ ಕಾನೂನು ಪುಸ್ತಕದಲ್ಲಿ ಮೊದಲನೆಯ ಕಲಮು ಮುಸುರೆಯದ್ದು. ಉಂಡ ಪಾತ್ರೆ, ಅಡುಗೆಯ ಪಾತ್ರೆ ಯಾವುದೂ ತೊಳೆಯದೆ ಮರುದಿನಕ್ಕೆ ಉಳಿಯಬಾರದು. ಉಳಿದರೆ ಲಕ್ಷ್ಮಿ ಬಾಗಿಲ ತನಕ ಬಂದು ಮೂಗು ಮುಚ್ಚಿಕೊಂಡು ಹಿಂದೆ ಹೋಗುತ್ತಾಳೆ. ಜ್ವರ ಬಂದು ನಡುಗುತ್ತಿದ್ದರೂ ಅಮ್ಮ ಪಾತ್ರೆ ತೊಳೆದೇ ಮಲಗಿದ್ದನ್ನು ನಾನು ಕಂಡಿದ್ದೇನೆ. ಆ ಅಮ್ಮನ ಮಗಳು ಮಸಿ ಮೆತ್ತಿದ ಮಿಶನ್ನನ್ನು ಹಾಗೆಯೇ ಬಿಟ್ಟು ಮನೆಗೆ ಹೋಗುವುದೆಂದರೇನು! ಮಿಶನ್ ಬಂದ ದಿನವೇ ಅದರ ಉರುಳೆಗೆ ಸುತ್ತಿದ್ದ ಮಸಿ ಮೆತ್ತಿದ ಜಿಡ್ಡು ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದ್ದೆ. ದಿನವೂ ಸಂಜೆ ಐದು ಗಂಟೆಗೆ, ಕೊನೆಯ ಗಿರಾಕಿ ಹೋದ ಮೇಲೆ, ಉರುಳೆಯ ಒಳಗಿನ ಮಸಿಯನ್ನು ಗೀರಿ ತೆಗೆದು ಡಬ್ಬಿಗೆ ತುಂಬಿ, ರೇಷ್ಮೆ ಬಟ್ಟೆಯನ್ನೂ ಒಳಗಿನ ಪ್ಯಾಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಅಮ್ಮನ ಹಳೆಯ ಸೀರೆಯ ತುಂಡಿನಿಂದ ಒರೆಸಿ, ಮುಖ ಕಾಣುವ ಹಾಗೆ ಹೊಳಪು ಬರಿಸಿ ಇಡುತ್ತಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ. ನನ್ನ ಕೈ ಮಸಿಯಾಗಿ ಬಾಯಿಗೆ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು.

ಸಾಹುಕಾರರಿಗೆ ಅದನ್ನು ನೋಡುವುದೇ ಒಂದು ಹಬ್ಬ. ಬಂದವರಿಗೆಲ್ಲ, "ನೋಡಿ, ಪೂಜೆಯವರ ಮನೆಯ ಹುಡುಗಿ. ದೇವರ ಪಾತ್ರೆ ತೊಳೆದ ಹಾಗೆ ತೊಳೀತಾಳೆ" ಎಂದು ಹೇಳುವರು. ನಾನು ಉಬ್ಬಿಹೋಗಿ ಮರುದಿನ ಇನ್ನಷ್ಟು ಉಜ್ಜುವೆ.

ಇನ್ನು ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ತಿಂಗಳಿಗೊಮ್ಮೆ ಹೆಣ್ಣುಮಕ್ಕಳಿಗೆ ಆಗುವುದಕ್ಕೆ ನಮ್ಮ ಮನೆಗಳಲ್ಲಿ 'ಕಾಗೆ ಮುಟ್ಟಿದೆ' ಎನ್ನುತ್ತಿದ್ದರು. ಆ ಮೂರು ದಿನ ಮನೆಯ ಹಿಂದಿನ ಜಗಲಿಯಲ್ಲಿ, ಚಾಪೆಯ ಮೇಲೆ, ಯಾರನ್ನೂ ಯಾವುದನ್ನೂ ಮುಟ್ಟದೆ ಕೂರಬೇಕು. ಊಟವನ್ನು ದೂರದಲ್ಲಿ ಇಟ್ಟುಹೋಗುತ್ತಾರೆ. ಮನೆಯಿಂದ ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ. ಇದನ್ನು ಸಾಹುಕಾರರಿಗೆ ಹೇಳುವುದು ಹೇಗೆ? "ಮನೆಯಲ್ಲಿ ಪೂಜೆ ಉಂಟು, ಮೂರು ದಿನ ಬರ್ಲಿಕ್ಕೆ ಆಗುವುದಿಲ್ಲ" ಎಂದೆ. ಪೂಜೆಯ ಹತ್ತಿರ ಸುಳಿಯಬಾರದೆಂದು ಹೊರಗೆ ಕೂರಿಸಿದ ಹುಡುಗಿ ಪೂಜೆಯದೇ ನೆಪ ಹೇಳಿದ್ದಳು! ಎರಡನೇ ತಿಂಗಳೂ ಅದೇ ಹೇಳಿದಾಗ ಸಾಹುಕಾರರು, "ನಿಮ್ಮ ಅಪ್ಪ ಭಾರಿ ಭಕ್ತರು" ಎಂದರು.

ಮೊದಲ ತಿಂಗಳು ಆ ಮೂರು ದಿನ ಮೇಲಿನ ಕೋಣೆಗೆ ಬೀಗ. ಎರಡನೇ ತಿಂಗಳು ನಾನು ಜಾಣತನ ಮಾಡಿದೆ. ಬಂದ ಕೆಲಸಗಳಿಗೆ ಮೊದಲೇ ಸ್ಟೆನ್ಸಿಲ್ ಕೊರೆದಿಟ್ಟು, "ನೀವೇ ಸುತ್ತಿ ತಿರುಗಿಸಿ ಸಾಹುಕಾರ್ರೇ" ಎಂದು ಹೇಳಿಹೋದೆ. ಅವರು ತಿರುಗಿಸಿದರು. ನಾಲ್ಕನೇ ದಿನ ನಾನು ಬಂದಾಗ ಅವರು ಮೆಟ್ಟಿಲ ಕೆಳಗೇ ಕಾಯುತ್ತಿದ್ದರು.

"ಮಗಳೇ, ಒಂದು ವಿಚಿತ್ರ ಉಂಟು. ನೀನು ಹೋದ ಮೊದಲ ದಿನ ಪುದಿಯಾಪ್ಲೆ ಯಾವತ್ತಿನ ಹಾಗೆ ಮಲಗಿಯೇ ಇದ್ದ. ಎರಡನೇ ದಿನ ನಾಲ್ಕನೇ ಸುತ್ತಿಗೆ ಎದ್ದ. ಮೂರನೇ ದಿನ ಮೂರಕ್ಕೇ ಎದ್ದ!"

ಮೇಲೆ ಹೋಗಿ ಹಿಡಿ ತಿರುಗಿಸಿದೆ. ಮೂರನೇ ಹಾಳೆಗೆ ಕಪ್ಪು ಅಕ್ಷರ. ಅಬ್ಬ, ಇದು ನನ್ನನ್ನು ಗುರುತು ಹಿಡಿಯಿತು ಎಂದು ಹಿಗ್ಗಿದೆ. ಮೂರು ದಿನದ ಕೊಳೆ ಮೆತ್ತಿದ್ದ ಉರುಳೆಯನ್ನು ಆ ಸಂಜೆ ಒಂದು ಗಂಟೆ ಕೂತು ಉಜ್ಜಿ ತೊಳೆದೆ. ಮರುದಿನ ಬೆಳಿಗ್ಗೆ ಐವತ್ತೈದು ಬಿಳಿ ಹಾಳೆಗಳು.

ಈ ಸುದ್ದಿ ಸಾಹುಕಾರರ ಅಣ್ಣನಿಗೂ ಮುಟ್ಟಿತು. ಅವರು ಧಕ್ಕೆಯಲ್ಲಿ ಸರಕು ಸಾಗಿಸುವ ಮಂಜಿ ಹಡಗುಗಳ ವ್ಯವಹಾರ ಮಾಡುವವರು, ಎತ್ತರದ ಆಳು, ಮಾತು ಕಡಿಮೆ. ಅಂಗಡಿಗೆ ಬಂದು ಕೆಳಗೆ ನಿಂತು ತಮ್ಮನಿಗೆ ಹೇಳಿದ್ದು ನನಗೆ ಮೇಲೆ ಕೇಳಿಸಿತು. "ಹುಡುಗಿ ಇಲ್ಲದಿದ್ದರೆ ಓಡ್ತದೆ, ಇದ್ದರೆ ಓಡುವುದಿಲ್ಲ. ಇದಕ್ಕೆ ಮೆಕ್ಯಾನಿಕ್ ಎಂತಕ್ಕೆ? ಮುಂದಿನ ಶುಕ್ರವಾರ ನಮಾಜು ಮುಗಿಸಿ ಬರ್ತೇನೆ. ಅವತ್ತು ತೀರ್ಮಾನ ಮಾಡುವ."

ನಾನು ಕುರ್ಚಿಯಲ್ಲಿ ಕೂತು ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ; ಇದು ಮನೆಯವರು ಒಪ್ಪದ ಸತ್ಯ. ನಾನು ಮಾಡುವುದೇನು, ಸಾಹುಕಾರರು ಮಾಡದ್ದೇನು? ಸ್ಟೆನ್ಸಿಲ್ ನನ್ನದೇ. ಮಸಿ ಅದೇ. ಕಾಗದ ಅದೇ. ತಿರುಗಿಸುವುದರಲ್ಲಿ ಅವರಿಗಿಂತ ನನ್ನ ಕೈ ಹದ. ಕೆಳಗೆ ಹೋಗಿ ಕೇಳಿದೆ. "ಸಾಹುಕಾರ್ರೇ, ಆ ಮೂರು ದಿನ ಸಂಜೆ ಎಂತ ಮಾಡಿದಿರಿ?"

"ಎಂತ ಮಾಡುವುದು? ಬಾಗಿಲು ಹಾಕಿ ಮನೆಗೆ ಹೋದೆ."

"ತೊಳೆಯಲಿಲ್ಲವಾ?"

ಅವರು ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿದರು. "ಇಲ್ಲ ಮಗಳೇ. ನನಗೆ ನಿನ್ನಷ್ಟು ಶುದ್ಧ ಎಲ್ಲಿ ಉಂಟು? ಸುತ್ತಿದ ಸ್ಟೆನ್ಸಿಲನ್ನೂ ತೆಗೀಲಿಲ್ಲ. ಉದಾಸೀನ ಆಯ್ತು. ಬೇಸರ ಮಾಡಬೇಡ."

ನಾನು ಮೇಲೆ ಬಂದೆ. ನಮ್ಮ ಮನೆಯಲ್ಲಿ ಹುಟ್ಟಿದವರ ತಲೆಗೆ, ತೊಳೆಯುವುದೂ ಒಂದು ತಪ್ಪಾಗಬಹುದು ಎಂಬ ಯೋಚನೆ ಒಳಗೆ ಬರಲು ಬಾಗಿಲೇ ಇಲ್ಲ. ಅದು ಕಿಟಕಿಯಿಂದ ಬರಬೇಕಾಯಿತು. ಆ ಸಂಜೆ ಐದು ಗಂಟೆಗೆ ಸೀಮೆಎಣ್ಣೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಆಮೇಲೆ ಅದನ್ನು ಕೆಳಗಿಟ್ಟು, ಉರುಳೆಯ ಮೇಲೆ ಆ ದಿನದ ಸ್ಟೆನ್ಸಿಲ್ ಹಾಗೆಯೇ ಬಿಟ್ಟು, ಕಣ್ಣು ಮುಚ್ಚಿಕೊಂಡು ಮೆಟ್ಟಿಲಿಳಿದೆ. ಮನೆಯಲ್ಲಿ ಊಟ ಬೇಗ ಮುಗಿಸಿ ಮಲಗಿದೆ. ಎಲ್ಲೋ ಒಂದು ಮುಸುರೆ ಪಾತ್ರೆ ನನ್ನ ಹೆಸರು ಹಿಡಿದು ಕರೆಯುತ್ತಿದೆ ಅನ್ನಿಸುತ್ತಿತ್ತು.

ಬೆಳಿಗ್ಗೆ ಸಾಹುಕಾರರಿಗಿಂತ ಮೊದಲೇ ಹೋಗಿ ಅಂಗಡಿಯ ಮೆಟ್ಟಿಲಲ್ಲಿ ಕೂತಿದ್ದೆ. ಬೀಗ ತೆಗೆದದ್ದೇ ಮೇಲೆ ಓಡಿದೆ. ಒಂದು ಸುತ್ತು, ಬಿಳಿ. ಎರಡು, ಮಸುಕು. ಮೂರನೇ ಹಾಳೆಯಲ್ಲಿ ಹಿಂದಿನ ದಿನದ ಯುವಕ ಸಂಘದ ಸಭೆ ಅಚ್ಚುಕಟ್ಟಾಗಿ ಮೂಡಿತ್ತು, ಸಮಯ ಸ್ಥಳ ಸಹಿತ. ಅಂದರೆ ಎರಡೂವರೆ ತಿಂಗಳಿಂದ ನಾನು ದಿನಾ ಸಂಜೆ ಆ ಬಟ್ಟೆಯಲ್ಲಿ ನೆನೆದ ಮಸಿಯನ್ನೆಲ್ಲ ತೊಳೆದು ಒಣಗಿಸುತ್ತಿದ್ದೆ; ದಿನಾ ಬೆಳಿಗ್ಗೆ ಅದು ಪಾಪ ಮೊದಲಿನಿಂದ ಮಸಿ ಕುಡಿದು ನೆನೆಯುತ್ತಿತ್ತು. ನಾನು ಎಸೆದ ಆ ಜಿಡ್ಡು ಕಾಗದ, ರಾತ್ರಿ ಮಸಿ ಒಣಗದ ಹಾಗೆ ಅದಕ್ಕೆ ಹೊದೆಯಲು ಕೊಟ್ಟ ಮುಸುಕು. ತೋಟದ ಕಚೇರಿಯವರು ಒಳ್ಳೆಯ ಮಿಶನ್ನನ್ನೇ ಮಾರಿದ್ದರು. ಕಳ್ಳಿ ನಾನು.

ಇದನ್ನು ಯಾರಿಗೂ ಹೇಳದೆ ತೊಳೆಯುವುದನ್ನು ನಿಲ್ಲಿಸಿಬಿಟ್ಟರೆ ಆಯಿತಲ್ಲ ಎಂಬ ಯೋಚನೆ ನನಗೂ ಬಂತು. ಕೀರ್ತಿ ಕುಂಕುಮಕ್ಕೋ ನೂಲಿಗೋ ಹೋಗುತ್ತಿತ್ತು. ಆದರೆ ಹುಡುಗಿಯ ಕೈಗುಣ ಸರಿಯಿಲ್ಲ ಎಂಬ ಮಾತು ಉಳಿಯುತ್ತಿತ್ತು. ಕೈಗುಣ ಎಂಬುದಕ್ಕಿಂತ ದಡ್ಡತನ ಎನ್ನಿಸಿಕೊಳ್ಳುವುದು ವಾಸಿ; ದಡ್ಡತನವನ್ನಾದರೆ ತಿದ್ದಿಕೊಳ್ಳಬಹುದು.

ಶುಕ್ರವಾರ ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಮೇಲೆ ಬಂದರು. ಆ ದಿನ ಬೆಳಿಗ್ಗೆ ಬೇಕೆಂದೇ ಮಿಶನ್ ಮುಟ್ಟಿರಲಿಲ್ಲ. ಅವರ ಎದುರಿಗೇ ತಿರುಗಿಸಿದೆ. ಮೂರನೇ ಸುತ್ತಿಗೆ ಅಕ್ಷರ ಬಂತು. ಸಾಹುಕಾರರು ನೂಲಿಗೆ ಕೈಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು.

"ನೂಲು ಅಲ್ಲ ಸಾಹುಕಾರ್ರೇ" ಎಂದೆ. "ತಪ್ಪು ನನ್ನದು. ದಿನಾ ತೊಳೆದು ತೊಳೆದು ನಾನೇ ಅದನ್ನು ಮಲಗಿಸ್ತಾ ಇದ್ದೆ. ಮೂರು ದಿನ ನೀವು ತೊಳೆಯದೆ ಬಿಟ್ಟಿರಿ, ಅದು ಓಡಿತು. ಈ ವಾರ ನಾನೂ ತೊಳೆಯಲಿಲ್ಲ."

ಸಾಹುಕಾರರು ಬಿಟ್ಟ ಬಾಯಿ ಬಿಟ್ಟೇ ನಿಂತರು. ಊರಿಗೆಲ್ಲ ಹೇಳಿಕೊಂಡು ತಿರುಗಿದ ಹೊಗಳಿಕೆಯನ್ನು ಈಗ ಹಿಂದೆ ತೆಗೆದುಕೊಳ್ಳುವುದು ಹೇಗೆಂದು ಅವರಿಗೆ ಚಿಂತೆ ಆಗಿರಬೇಕು. ಅವರ ಅಣ್ಣ ಉರುಳೆಯನ್ನು ಬೆರಳಿಂದ ಮುಟ್ಟಿ, ಮೆತ್ತಿದ ಮಸಿಯನ್ನು ನೋಡಿದರು.

"ಮಂಜಿಯ ಹೊಟ್ಟೆಗೆ ಮೀನೆಣ್ಣೆ ಬಳಿದು ಹಾಗೆಯೇ ಬಿಡ್ತೇವೆ" ಎಂದರು. "ನಾತ ಅಂತ ತೊಳೆದರೆ ಮರ ಒಡೀತದೆ. ಇದೂ ಹಾಗೆಯೇ ಅಂತ ಕಾಣ್ತದೆ." ಬೆರಳಿನ ಮಸಿ ಒರೆಸಿಕೊಂಡು ತಮ್ಮನ ಕಡೆ ತಿರುಗಿದರು. "ಮಿಶನ್ ಇರಲಿ. ತಪ್ಪು ಒಪ್ಪಿಕೊಂಡವಳು, ಹುಡುಗಿಯೂ ಇರಲಿ."

ನಾನು ಕುಣಿಯುವುದೊಂದು ಬಾಕಿ. ಆದರೆ ಅವರ ಮಾತು ಮುಗಿದಿರಲಿಲ್ಲ.

"ಒಂದೇ ಒಂದು. ತಿಂಗಳು ತಿಂಗಳು ಮೂರು ದಿನ ಪೂಜೆ ಅಂತ ಮೇಲಿನ ಕೆಲಸ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಗಿರಾಕಿ ಬೆಳಿಗ್ಗೆ ಬರ್ತಾನೆ, ಮಧ್ಯಾಹ್ನ ಬೇಕು ಅಂತಾನೆ. ಟೈಪು ಮಾಡುವವರು ದಿನಾ ಬೇಕು. ಆಗ್ತದಾ ಇಲ್ಲವಾ, ನಿಮ್ಮ ಮನೆಯಲ್ಲಿ ಕೇಳಿ ಹೇಳು."

ಸಾಹುಕಾರರಿಗೆ ಹೆಂಡತಿ, ಮೂವರು ಹೆಣ್ಣುಮಕ್ಕಳು. ಅವರಿಗೆ ಆ ಕ್ಷಣದಲ್ಲಿ ಪೂಜೆಯ ಅರ್ಥ ಹೊಳೆಯಿತು ಎಂದು ಕಾಣುತ್ತದೆ. ಒಮ್ಮೆಲೇ ಕೆಮ್ಮು ಬಂದು, ಮಾಡಿನ ಹೆಂಚುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಲು ಶುರು ಮಾಡಿದರು. ನಾನು ನೆಲ ನೋಡಿದೆ.

ಮನೆಗೆ ಹೋಗಿ ಅಮ್ಮನಿಗೆ ಮೊದಲು ಮಿಶನ್ನಿನ ಕಥೆ ಹೇಳಿದೆ. ಅವಳು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಕೈ ನಿಲ್ಲಿಸಿ, "ತೊಳೆದರೆ ಹಾಳಾಗುವ ವಸ್ತು ಭೂಮಿಯ ಮೇಲೆ ಉಂಟಾ?" ಎಂದಳು. ಉಂಟು ಅಮ್ಮ ಎಂದೆ. ನಂಬಲಿಲ್ಲ. ಆಮೇಲೆ ಮೂರು ದಿನದ ಮಾತು ಹೇಳಿದೆ. ಅಮ್ಮ ಒಂದೇ ತಪ್ಪಲೆಯನ್ನು ಮೂರು ಸಲ ತೊಳೆದಳು. ಆ ವಾರವಿಡೀ ಅವಳು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೆ ಸಿಟ್ಟಿಗಿಂತ ಹೆಚ್ಚು ಭಯವಿತ್ತು.

ಮತ್ತೆ ಕಾಗೆ ಮುಟ್ಟುವ ದಿನ ಬಂತು. ಬೆಳಿಗ್ಗೆ ಅಪ್ಪ ದೇವಸ್ಥಾನಕ್ಕೆ ಹೋದ ಮೇಲೆ ನಾನು ಅಭ್ಯಾಸಬಲದಿಂದ ಚಾಪೆ ಎತ್ತಿಕೊಂಡು ಹಿಂದಿನ ಜಗಲಿಗೆ ಹೊರಟೆ. ಕುರ್ಚಿ ಹೋಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು, ಮಜ್ಜಿಗೆ ಅನ್ನದ ಬುತ್ತಿಯನ್ನು ಹೊಸ್ತಿಲ ಮೇಲೆ ಇಟ್ಟಳು.

"ಎಂತ ನೋಡ್ತೀ? ಬಸ್ಸು ತಪ್ಪುತ್ತದೆ."

"ಅಮ್ಮ..."

"ಸಂಜೆ ಬಂದು ಬೇಕಾದರೆ ಹೊರಗೆ ಕೂರು. ಅಪ್ಪನಿಗೆ ನಾನು ಹೇಳ್ತೇನೆ. ಹೇಳದೆಯೂ ಇರ್ತೇನೆ." ಅವಳು ಆಚೆ ಈಚೆ ನೋಡಿ ಸ್ವರ ತಗ್ಗಿಸಿದಳು. "ನೀನು ಮೂರು ವರ್ಷದವಳಿದ್ದಾಗ ಈ ಮನೆಯಲ್ಲಿ ನಿನ್ನ ಅಜ್ಜನ ತಿಥಿ ಇತ್ತು. ಬ್ರಾಹ್ಮಣರು, ನೆಂಟರು ಎಲ್ಲ ಸೇರಿ ನಲವತ್ತು ಎಲೆ. ಅಡುಗೆಗೆ ನಾನೊಬ್ಬಳೇ. ಆ ತಿಂಗಳು ನನಗೆ ದಿನ ಎಣಿಸ್ಲಿಕ್ಕೆ ಮರೆತುಹೋಯಿತು. ಉಂಡವರೆಲ್ಲ ಈಗಲೂ ಗಟ್ಟಿಮುಟ್ಟಾಗಿದ್ದಾರೆ, ಪಾಯಸ ಎರಡೆರಡು ಸಲ ಹಾಕಿಸಿಕೊಂಡವರು. ಹೋಗು."

ನನ್ನ ಅಮ್ಮ! ಹದಿನಾರು ವರ್ಷ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಆದರೆ ಆ ದಿನ ಅವಳನ್ನು ಮುಟ್ಟುವಷ್ಟು ಧೈರ್ಯ ನನಗಿನ್ನೂ ಬಂದಿರಲಿಲ್ಲ. ಬುತ್ತಿ ಎತ್ತಿಕೊಂಡು ಹೊರಟೆ.

ಬಸ್ಸಿನಲ್ಲಿ ಸೀರೆಯನ್ನು ಮೈಗೆ ಬಿಗಿದು ಸುತ್ತಿ, ಯಾರಿಗೂ ತಾಗದ ಹಾಗೆ ಕಂಬದ ಹತ್ತಿರ ನಿಂತೆ. ಎರಡು ನಿಲುಗಡೆ ಕಳೆಯುವಷ್ಟರಲ್ಲಿ ಬಸ್ಸು ತುಂಬಿ ಎಲ್ಲ ಕಡೆಯಿಂದ ಜನ ಒತ್ತಿದರು. ಪಕ್ಕದ ಸೀಟಿನಲ್ಲಿ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದ ಒಬ್ಬ ಮುದುಕಿ, ಹಣೆಯಲ್ಲಿ ಗಂಧ, ಮಡಿಲಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಪ್ರಸಾದ. ತಿರುವಿನಲ್ಲಿ ಬಸ್ಸು ವಾಲಿ ನಾನು ಬೀಳುವುದರಲ್ಲಿದ್ದಾಗ ಆಕೆ ಪ್ರಸಾದ ಹಿಡಿದಿದ್ದ ಕೈಯಲ್ಲೇ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಜಾಗ್ರತೆ ಮಗಾ" ಎಂದಳು. ಹಂಪನಕಟ್ಟೆ ಬರುವ ತನಕ ಆಕೆ ಆ ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.